ಗೀರಿಲ್ಲದ ಒಂಬತ್ತು ಡಬ್ಬಿ

ಹನ್ನೊಂದು ಗಂಟೆಗೆ ದೊಡ್ಡ ಅಂಗಡಿಯ ಖರೀದಿ ಮೇಡಂ ಮನೆಗೇ ಬರುವವರಿದ್ದರು. ಸೊಸೆ ಏಳಕ್ಕೆಲ್ಲ ಹೊರಟು ಅಚ್ಚಿನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸ ಲೇಬಲ್‌ಗಳ ಶಾಯಿ ಇನ್ನೂ ಒಣಗಿರಲಿಲ್ಲ.

"ಕೂತ್ಕೊಳಮ್ಮ, ಹಸಿ ಶಾಯಿ ಅಂದ್ರೆ ಹಠದ ಮಗು. ಅವಸರ ಮಾಡಿದಷ್ಟೂ ಮೈಗೆ ಮೆತ್ಕೊಳ್ಳುತ್ತೆ," ಎಂದ ಅಚ್ಚಿನವನು.

ಅವಳು ಕೂತಳು. ಕೂತಲ್ಲೇ ಮನಸ್ಸಿನಲ್ಲಿ ಮೇಜು ಜೋಡಿಸಿದಳು. ಎಡಕ್ಕೆ ಮುಲಾಮು ತುಂಬಿದ ಡಬ್ಬಿ ಹನ್ನೆರಡು, ಬಲಕ್ಕೆ ಖಾಲಿ ಡಬ್ಬಿ ನೂರ ಅರವತ್ತಮೂರು. ಅವಳ ಭರವಸೆಯೆಲ್ಲ ಇದ್ದದ್ದು ಖಾಲಿ ಡಬ್ಬಿಗಳ ಮೇಲೆ. ಆ ಭರವಸೆ ಹುಟ್ಟಿಸಿದವರು ಬ್ಲೇಡ್ ಮಾವ.

ಒಂಬತ್ತು ವರ್ಷ ಅವಳು ಪಾರ್ಲರಿನಲ್ಲಿ ಕೈ-ಉಗುರಿನ ಕೆಲಸ ಮಾಡಿದವಳು. ಕಿಟಕಿ ಪಕ್ಕದ ಕುರ್ಚಿ ಅವಳದು. ದಿನವಿಡೀ ನುಣುಪು ಕೈಗಳನ್ನು ಇನ್ನಷ್ಟು ನುಣುಪು ಮಾಡಿ ಮನೆಗೆ ಬಂದರೆ, ಅಡುಗೆಮನೆಯಲ್ಲಿ ಅತ್ತೆಯ ಕೈ ಕಾಣುತ್ತಿತ್ತು. ಮೂವತ್ತಮೂರು ವರ್ಷ ಆಸ್ಪತ್ರೆಯಲ್ಲಿ ಕತ್ತರಿ, ಚಿಮುಟ, ತಟ್ಟೆ ಎಲ್ಲವನ್ನೂ ತೊಳೆಯುವ ಸೋಡಾ ಹಾಕಿದ ನೀರಲ್ಲಿ ಕುದಿಸಿ ಒರೆಸಿಟ್ಟ ಕೈ. ನೀರು ಬತ್ತಿದ ಕೆರೆಯ ತಳದ ಹಾಗೆ ಬಿರಿದಿತ್ತು. ಆ ಕೈಗೆಂದೇ ಅವಳು ಜೇನುಮೇಣ, ಎಣ್ಣೆ ಕೂಡಿಸಿ ಮುಲಾಮು ಮಾಡಲು ಹೊರಟದ್ದು. ನಾಲ್ಕು ಸಲ ಕೆಟ್ಟಿತು. ಒಮ್ಮೆ ಕಲ್ಲಾಯಿತು, ಒಮ್ಮೆ ನೀರಾಯಿತು. ಐದನೆಯ ಸಲ ಅವಳು ಕಲಕುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ತಮ್ಮ ಬೆಳಗಿನ ದೇವರ ಪದ್ಯ ಹೇಳಿಕೊಳ್ಳುತ್ತಿದ್ದರು. ಆ ನಡೆಗೆ ಇವಳ ಕೈಯೂ ತಾನಾಗಿ ತಿರುಗಿತು. ಏಳನೆಯ ಪದ್ಯ ಮುಗಿಯುವ ಹೊತ್ತಿಗೆ ಮುಲಾಮು ಬೆಣ್ಣೆಯ ಹಾಗೆ ನಿಂತಿತು. ಅಂದಿನಿಂದ ಅದೇ ಅಳತೆ. ಒಲೆಯಿಂದ ಇಳಿಸಿ ಏಳು ಪದ್ಯ ಕಲಕಬೇಕು. ಆರಕ್ಕೆ ಬಿಟ್ಟರೆ ಒಡೆಯುತ್ತದೆ, ಎಂಟಕ್ಕೆ ಹೋದರೆ ಗಟ್ಟಿ.

"ಹೇಗಿದೆ ಅತ್ತೆ?" ಎಂದರೆ ಅತ್ತೆಯ ಉತ್ತರ ಒಂದೇ: "ಏನೋ, ಪರವಾಗಿಲ್ಲ."

ಅತ್ತೆಯ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅವರ ಮಗ ಲಾರಿ ಓಡಿಸಲು ಕಲಿತು ಮೊದಲ ಸಲ ಮನೆ ಮುಂದೆ ತಂದು ನಿಲ್ಲಿಸಿದಾಗಲೂ ಅಷ್ಟೇ ಹೇಳಿದ್ದು.

ಸೊಸೆ ಪಾರ್ಲರ್ ಬಿಟ್ಟು ಎಂಟು ತಿಂಗಳಾಗುತ್ತ ಬಂದಿತ್ತು. ಬಿಡುವಾಗ ಗಂಡನೆದುರು ತಾನೇ ಗಡುವು ಹಾಕಿಕೊಂಡಿದ್ದಳು. ಎಂಟನೆಯ ತಿಂಗಳು ಮುಗಿಯುವುದರೊಳಗೆ ದೊಡ್ಡ ಅಂಗಡಿಯೊಂದರ ಕಪಾಟಿನಲ್ಲಿ ಜಾಗ ಸಿಗದಿದ್ದರೆ ಮತ್ತೆ ಕುರ್ಚಿಗೆ. ಪಾರ್ಲರಿನ ಒಡತಿಯೂ ಹೇಳಿ ಕಳಿಸಿದ್ದರು: "ಅಲ್ಲೀವರೆಗೆ ನಿನ್ನ ಕುರ್ಚಿ ಕಾಯ್ತಿರುತ್ತೆ." ತಿಂಗಳು ಮುಗಿಯಲು ಇನ್ನು ಮೂರು ದಿನ ಇತ್ತು.

ಬ್ಲೇಡ್ ಮಾವ ಅವಳ ಸೋದರಮಾವ. ಮೂವತ್ತೊಂದು ವರ್ಷ ಊರೂರು ತಿರುಗಿ ಗಡ್ಡದ ಬ್ಲೇಡ್ ಮಾರಿದವರು. ಬೋಳು ಗಲ್ಲದವನಿಗೂ ಒಂದು ಪೊಟ್ಟಣ ಮಾರಿಯೇ ಊರು ಬಿಡುತ್ತಿದ್ದರಂತೆ. ಅವಳು ವ್ಯಾಪಾರ ಶುರುಮಾಡಿದ್ದು ಕೇಳಿ ನಿವೃತ್ತಿಯ ಚಾಪೆ ಸುತ್ತಿಟ್ಟು ಬಂದರು. ಡಬ್ಬಿ ಮೂಸಿದರು.

"ಯಾರಿಗೆ ಇದು?"

"ಎಲ್ಲರಿಗೂ ಮಾವ."

"ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ ಪುಟ್ಟಿ. 'ಎಲ್ರೂ ಬನ್ನಿ' ಅಂತ ಕರೆದವನ ಮನೆಗೆ ಯಾರು ಹೋಗ್ತಾರೆ? ಹೆಸರು ಹಿಡಿದು ಕರೀಬೇಕು."

ಅವಳು ಅಡುಗೆಮನೆಯ ಕಡೆ ನೋಡಿದಳು. "ದುಡಿಯೋ ಕೈಗೆ," ಎಂದಳು.

ಅದೇ ಹೆಸರಾಯಿತು: 'ದುಡಿದ ಕೈ'. ಲೇಬಲ್ ಮೇಲೆ ಚೆಲುವೆಯ ಮುಖ ಹಾಕೋಣವೇ ಎಂದು ಅಚ್ಚಿನವನು ಕೇಳಿದಾಗ ಮಾವ ಎರಡೂ ಕೈ ಅಲ್ಲಾಡಿಸಿಬಿಟ್ಟರು. "ಬೇಡಪ್ಪಾ! ಆ ಮುಖ ನೋಡಿದ್ರೆ ಗಾರೆಯವನು 'ಇದು ನನಗಲ್ಲ' ಅಂತ ಮುಂದೆ ಹೋಗ್ತಾನೆ." ಕೊನೆಗೆ ಅತ್ತೆಯ ಅಂಗೈಯನ್ನು ಕಾಗದದ ಮೇಲೆ ಊರಿಸಿ ಸುತ್ತಲೂ ಪೆನ್ಸಿಲ್ ಎಳೆದರು. ಅತ್ತೆ ನೋಡಿ, "ಬೆರಳು ದಪ್ಪ ಬರೆದಿದೀಯ," ಎಂದರಷ್ಟೇ. ಲೇಬಲ್ ಮೇಲಿನ ಕೈ ಅದೇ.

ಮಾವನ ಇನ್ನೊಂದು ಉಪಾಯವೂ ಫಲಿಸಿತ್ತು. "ಪುಕ್ಕಟೆ ಡಬ್ಬಿ ಹಂಚಬೇಡ. ಒಂದೇ ಕೈಗೆ ಹಚ್ಚಿ ಕಳಿಸು. ಆ ಇನ್ನೊಂದು ಕೈ ಇದೆಯಲ್ಲ, ಅದು ಹೊಟ್ಟೆಕಿಚ್ಚಿನದು. ನಾಳೆ ಅದೇ ಆಳನ್ನ ಎಳ್ಕೊಂಡು ಬರುತ್ತೆ." ಹಾಗೆಯೇ ಆಯಿತು. ಗಾರೆ ಕೆಲಸದವರು, ಹೋಟೆಲಿನ ಹಿಂಬಾಗಿಲಲ್ಲಿ ಪಾತ್ರೆ ತೊಳೆಯುವವರು, ಹೊಲಿಗೆಯವರು, ಬೀಗ ರಿಪೇರಿಯವನು, ಎಲ್ಲರೂ ಒಂದು ಕೈ ಮೃದು ಮಾಡಿಕೊಂಡು ಹೋಗಿ ಮರುದಿನ ಇನ್ನೊಂದನ್ನು ಚಾಚಿದರು. ಹಚ್ಚುವಾಗ ಅವರು ಹೇಳುವುದನ್ನೆಲ್ಲ ಅವಳು ಸುಮ್ಮನೆ ಕೇಳುತ್ತಿದ್ದಳು. ಪಾರ್ಲರಿನ ಕುರ್ಚಿ ಕಲಿಸಿದ್ದು ಅದನ್ನೇ: ಕೈ ಕೊಟ್ಟವರು ಮಾತನ್ನೂ ಕೊಡುತ್ತಾರೆ.

ಆಮೇಲೆ ಬಂದದ್ದು ಖಾಲಿ ಡಬ್ಬಿಯ ಯೋಚನೆ. "ತುಂಬಿದ ಡಬ್ಬಿ ನೀನು ತುಂಬಿದ್ದು," ಎಂದರು ಮಾವ. "ಅದರಲ್ಲೇನು ಹೆಚ್ಚುಗಾರಿಕೆ? ಖಾಲಿ ಡಬ್ಬಿ ಜನ ಖಾಲಿ ಮಾಡಿದ್ದು. ಅದು ಸಾಕ್ಷಿ. ವಾಪಸ್ ತರಿಸು." ಖಾಲಿ ಡಬ್ಬಿ ತಂದವರಿಗೆ ಮುಂದಿನ ಡಬ್ಬಿ ಕಡಿಮೆ ಬೆಲೆಗೆ ಎಂದಳು. ನಾಲ್ಕು ತಿಂಗಳಲ್ಲಿ ನೂರ ಅರವತ್ತಮೂರು ಬಂದವು. ಸಿಮೆಂಟಿನ ಬೆರಳಚ್ಚು, ಬಣ್ಣದ ಕಲೆ, ಮಸಿ, ಜಿಡ್ಡು, ಎಲ್ಲ ಇದ್ದ ಹಾಗೇ ಇಟ್ಟಳು. ಪ್ರತಿ ಡಬ್ಬಿಯ ಬೆನ್ನಿಗೆ ಒಂದು ಚೀಟಿ: 'ಗಾರೆ', 'ಹೊಲಿಗೆ', 'ಬೀಗ', 'ದಾದಿ'. ಒಂದು ತಗಡಿನ ಪೆಟ್ಟಿಗೆ ತುಂಬಿತು. ನಿನ್ನೆ ಸಂಜೆ ಅದನ್ನು ಮಂಚದಡಿಯಿಂದ ಎಳೆದು ನಡುಮನೆಯಲ್ಲಿ ಇಟ್ಟಿದ್ದಳು.

ಹತ್ತು ಗಂಟೆಗೆ ಲೇಬಲ್ ಹಿಡಿದು ಮನೆ ಮೆಟ್ಟಿಲು ಹತ್ತುವಾಗ ಒಳಗಿನಿಂದ ಸೋಡಾ ನೀರಿನ ವಾಸನೆ ಬಂತು. ಬಾಗಿಲಲ್ಲಿ ಅತ್ತೆಯ ಚಪ್ಪಲಿ ಇತ್ತು. ಮೂರು ವಾರ ಮಗಳ ಮನೆಯಲ್ಲಿದ್ದವರು ನಾಳೆ ಬರಬೇಕಾಗಿತ್ತು.

"ಬೆಳಗಿನ ಬಸ್ಸಿಗೇ ಬಂದೆ," ಎಂದರು ಅತ್ತೆ, ತೋಳು ಮಡಚಿಕೊಂಡು, ಮುಖ ಕೆಂಪಾಗಿ. "ಇವತ್ತು ದೊಡ್ಡೋರು ಬರ್ತಾರೆ ಅಂತ ಮಗ ಫೋನಲ್ಲಿ ಹೇಳಿದ. ಬಂದು ನೋಡ್ತೀನಿ, ಪೆಟ್ಟಿಗೆ ತುಂಬಾ ಕೊಳಕು ಡಬ್ಬಿ! ಪಾಪ, ಒಬ್ಬಳೇ ಎಲ್ಲ ಮಾಡ್ಬೇಕು, ತೊಳೆಯೋಕೆ ಎಲ್ಲಿ ಪುರುಸೊತ್ತು ಅನ್ಕೊಂಡೆ. ನೋಡು."

ನಡುಮನೆಯ ನೆಲದುದ್ದಕ್ಕೂ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಡಬ್ಬಿಗಳು ಬೋರಲು ಮಲಗಿ ಫಳಫಳ ಹೊಳೆಯುತ್ತಿದ್ದವು. ಒಂದು ಬೆರಳಚ್ಚಿಲ್ಲ, ಒಂದು ಕಲೆಯಿಲ್ಲ. ಬಚ್ಚಲ ಮೂಲೆಯಲ್ಲಿ ಚೀಟಿಗಳೆಲ್ಲ ಕರಗಿ ಒಂದು ಹಿಡಿ ಒದ್ದೆ ಮುದ್ದೆಯಾಗಿ ಬಿದ್ದಿದ್ದವು.

"ಒಂದೊಂದು ಪಾತ್ರೆಗೂ ಹನ್ನೆರಡು ಪದ್ಯ ಕುದಿಸಿದೀನಿ. ಆಸ್ಪತ್ರೇಲಿ ನಮ್ಮ ಕೋಣೆ ಗಡಿಯಾರ ಕೆಟ್ಟಾಗ ಹಾಗೇ ಅಲ್ವಾ ನಾನು ಮಾಡ್ತಿದ್ದದ್ದು? ಒಂದು ಕ್ರಿಮಿ ಉಳಿದಿರಲ್ಲ. ಹೊಸದರ ಹಾಗಾಗಿದೆ."

ಸೊಸೆ ಲೇಬಲ್ ಕಟ್ಟನ್ನು ಪಕ್ಕಕ್ಕಿಟ್ಟಳು. ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಹೊಸದರ ಹಾಗೆ! ಹೊಸ ಡಬ್ಬಿಯನ್ನು ಯಾರಾದರೂ ಪೇಟೆಯಿಂದ ತರಬಹುದು. ನಾಲ್ಕು ತಿಂಗಳ ಕೈಗಳು ಒಂದು ಬೆಳಗಿನಲ್ಲಿ ತೊಳೆದುಹೋಗಿದ್ದವು. ಅತ್ತೆಯ ಮುಖ ನೋಡಿದಳು. ಎರಡೂವರೆ ಗಂಟೆ ಬಿಸಿನೀರಲ್ಲಿ ಅದ್ದಿದ ಆ ಕೈಗಳನ್ನೂ ನೋಡಿದಳು.

ಅಷ್ಟರಲ್ಲಿ ಮೇಜಿನ ಬಟ್ಟೆ ಬಗಲಲ್ಲಿಟ್ಟುಕೊಂಡು ಬ್ಲೇಡ್ ಮಾವ ಬಂದರು. ಒಂದು ಕ್ಷಣ ನೆಲ ನೋಡಿದರು, ಒಂದು ಕ್ಷಣ ಅತ್ತೆಯನ್ನು. ಆಮೇಲೆ ಹಣೆ ಚಚ್ಚಿಕೊಂಡರು.

"ಬೀಗಿತ್ತೀ, ಏನು ಮಾಡಿಬಿಟ್ರಿ! ಆ ಕೊಳೆಯೇ ನಮ್ಮ ಬಂಡವಾಳ!"

"ಕೊಳೆ ಬಂಡವಾಳವಾ? ನಿಮ್ಮ ಬ್ಲೇಡ್ ಬುದ್ಧಿ ನಿಮ್ಮ ಹತ್ರಾನೇ ಇರಲಿ ಬೀಗರೇ. ಆಸ್ಪತ್ರೇಲಿ ಹೀಗಂದಿದ್ರೆ ನಿಮ್ಮನ್ನೇ ಎತ್ತಿ ಕುದಿಯೋ ನೀರಿಗೆ ಹಾಕ್ತಿದ್ದೆ."

"ಹಾಕಿ, ಈಗಲೇ ಹಾಕಿ, ಇನ್ನೇನು ಉಳಿದಿದೆ?"

ಅತ್ತೆಗೆ ಏನೋ ಎಡವಟ್ಟಾಗಿದೆ ಎಂದು ಈಗ ತಿಳಿಯಿತು. ಸೊಸೆಯ ಪಕ್ಕದಲ್ಲಿ ಕೂತರು. ಮಾವ ಎಲ್ಲ ಬಿಡಿಸಿ ಹೇಳಿದರು. ಅತ್ತೆ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಮೆಲ್ಲನೆ, "ನಾನು ಬೇರೆ ಇನ್ನೊಂದು ಹೇಳಬೇಕು ಅಂತಿದ್ದೆ," ಎಂದರು. "ನಿನ್ನ ಡಬ್ಬಿ ಮಾಲು ಚೆನ್ನಾಗಿಲ್ಲ ಮಗಳೇ. ತಗಡು ಮೆತ್ತಗಿದೆ. ತೊಳೆದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಗೀರು ಬಿದ್ದ ಸಾಮಾನು ಬೇರೆ ಇಡೋದು ನಮ್ಮ ಕೋಣೆ ಪದ್ಧತಿ, ಗೀರಲ್ಲಿ ಕೊಳೆ ಕೂರುತ್ತೆ. ಬೇರೆ ಮಾಡ್ತಾ ಮಾಡ್ತಾ ಕೊನೆಗೆ ಏನು ಉಳೀತು ಗೊತ್ತಾ? ನೂರ ಅರವತ್ತನಾಲ್ಕರಲ್ಲಿ ಗೀರಿಲ್ಲದ್ದು ಒಂಬತ್ತೇ ಒಂಬತ್ತು."

ಕಿಟಕಿಯ ಕೆಳಗೆ, ಬೇರೆಯೇ ಒಂದು ಬಟ್ಟೆಯ ಮೇಲೆ, ಒಂಬತ್ತು ಡಬ್ಬಿ ಸಾಲಾಗಿದ್ದವು.

ಸೊಸೆ ತಲೆ ಎತ್ತಿದಳು. "ಏನಂದ್ರಿ ಅತ್ತೆ?"

"ಒಂಬತ್ತು ಅಂದೆ. ಉಳಿದದ್ದೆಲ್ಲ ತಳ ಗೀರಿದೆ."

ಅವಳು ಮಂಡಿಯೂರಿಕೊಂಡೇ ಹೋಗಿ ಒಂದು ಡಬ್ಬಿ ಎತ್ತಿ ಕಿಟಕಿಗೆ ಹಿಡಿದಳು. ಉಜ್ಜಿ ಬೆಳಗಿದ ತಳದಲ್ಲಿ ಬಿಸಿಲು ಬಿತ್ತು. ಬಿದ್ದ ಕೂಡಲೇ ಗೆರೆಗಳೆಲ್ಲ ಎದ್ದವು. ಅಗಲವಾದ, ಒರಟಾದ, ಮೂಲೆಯಿಂದ ಮೂಲೆಗೆ ಎಳೆದ ನಾಲ್ಕು ಗೀರು. 'ಕೊನೇಗೆ ಕರಣಿ ತುದೀಲಿ ಕೆರೆದೆ ಕಣಕ್ಕಾ, ಬಿಡೋಕೆ ಮನಸ್ಸು ಬರಲಿಲ್ಲ,' ಎಂದು ಗಾರೆಯವನೊಬ್ಬ ಹೇಳಿದ್ದ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಇನ್ನೊಂದು ಎತ್ತಿದಳು. ಅಂಚಿನ ಸಂದಿಯುದ್ದಕ್ಕೂ ಎಳೆ ಎಳೆಯಾದ ಸಣ್ಣ ಗೆರೆ, ಟಾಕಾ ಹಾಕಿದ ಹಾಗೆ, ಹೊಲಿಗೆಯವಳ ಸೂಜಿ. ಇನ್ನೊಂದರಲ್ಲಿ ಹಲ್ಲುಹಲ್ಲಾದ ಗುರುತು. ಬೀಗ ರಿಪೇರಿಯವನು, ಇನ್ನಾರು, ಬೀಗದ ಕೈಯಿಂದ ಕೆರೆದಿದ್ದಾನೆ. ಜಿಡ್ಡು ಮುಚ್ಚಿದ್ದರಿಂದ ನಾಲ್ಕು ತಿಂಗಳು ಇದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

"ಮಾವ," ಎಂದಳು. "ಇವರು ಬಳಸಿ ಬಿಟ್ಟಿಲ್ಲ. ಕೆರೆದು ಕೆರೆದು ತೆಗೆದಿದ್ದಾರೆ."

ಮಾವ ಕನ್ನಡಕ ಏರಿಸಿ ನೋಡಿದರು. ಇನ್ನೊಂದು ಎತ್ತಿ ನೋಡಿದರು, ಮತ್ತೊಂದು ಎತ್ತಿದರು.

ಮುಕ್ಕಾಲು ಗಂಟೆಯಲ್ಲಿ ಮೂವರೂ ಸೇರಿ ತುಂಬಿದ ಹನ್ನೆರಡು ಡಬ್ಬಿಗೆ ಲೇಬಲ್ ಅಂಟಿಸಿ ಮೇಜು ಜೋಡಿಸಿದರು. ಮಲಗಿಸಿದರೆ ತಳ ಕಾಣುವುದಿಲ್ಲವೆಂದು ಒಂದೊಂದನ್ನೂ ಅಂಚಿನ ಮೇಲೆ ನಿಲ್ಲಿಸಿ, ಒಳಮುಖವನ್ನು ಕಿಟಕಿಗೆ ತಿರುಗಿಸಿದರು. ಮೇಜು ಸಾಲದೆ ಅಡುಗೆಮನೆಯ ಬೆಂಚು ಬಂತು. ಮಾವ ಮೆಲ್ಲನೆ ಆ ಒಂಬತ್ತನ್ನು ಎತ್ತಿ ಕಪಾಟಿನೊಳಗೆ ಸೇರಿಸಲು ಹೊರಟರು.

"ಅದು ಇಲ್ಲೇ ಇರಲಿ ಮಾವ."

"ಹುಚ್ಚಿ! ಹುಳುಕು ಹಣ್ಣನ್ನ ಯಾರಾದ್ರೂ ಬುಟ್ಟಿ ಮೇಲೆ ಇಡ್ತಾರಾ?"

"ನೀವೇ ಅಂದಿದ್ರಲ್ಲ, ಸಾಕ್ಷಿ ಅಂತ. ಅರ್ಧ ಸಾಕ್ಷಿ ಸುಳ್ಳೇ ತಾನೆ? ಅತ್ತೆ ಬೇರೆ ಇಟ್ಟಿದ್ದಾರೆ, ಬೇರೆಯಾಗಿ, ಮೇಜಿನ ಮೇಲೇ ಇರಲಿ."

ಅತ್ತೆ ಆ ಒಂಬತ್ತರ ಕೆಳಗಿನ ಬಟ್ಟೆಯ ಸುಕ್ಕನ್ನು ಕೈಯಿಂದ ಒಮ್ಮೆ ಎಳೆದು ಸರಿಮಾಡಿದರು.

ಖರೀದಿ ಮೇಡಂ ಹನ್ನೊಂದಕ್ಕೆ ಸರಿಯಾಗಿ ಬಂದರು. ತೆಳ್ಳನೆಯ ಹೆಂಗಸು, ಕೊರಳಲ್ಲಿ ಸರಪಳಿ ಕಟ್ಟಿದ ಕನ್ನಡಕ. ಚಹಾ ಏನಿದ್ದರೂ ಕೆಲಸ ಮುಗಿದ ಮೇಲೆ ಎಂದರು. ಒಲೆ ನೋಡಿದರು, ಎಣ್ಣೆಯ ಜಾಡಿ ಮುಚ್ಚಳ ತೆಗೆದು ನೋಡಿದರು, ತಕ್ಕಡಿ ನೋಡಿದರು. ಕುದಿಸುವ ಪಾತ್ರೆಯ ಮುಂದೆ ನಿಂತು, "ಇದನ್ನ ನೋಡ್ಕೊಳ್ಳೋರು ಯಾರು?" ಎಂದಾಗ ಅತ್ತೆ ಬೆನ್ನು ನೆಟ್ಟಗೆ ಮಾಡಿ, "ನಾನು," ಎಂದರು. ಮೇಡಂ ಮುಲಾಮನ್ನು ಒಂದು ಕೈಗೆ ಹಚ್ಚಿಕೊಂಡರು. ಮಾವ ಗೋಡೆ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು.

"ಚೆನ್ನಾಗಿದೆ," ಎಂದರು ಮೇಡಂ. "ಆದರೆ ಈ ವಾರ ಇನ್ನೂ ಎರಡು ಕಡೆ ಹೋಗಿದ್ದೆ. ಅಲ್ಲೂ ಚೆನ್ನಾಗೇ ಇತ್ತು. ನನ್ನ ಹತ್ರ ಇರೋದು ಕಪಾಟಿನಲ್ಲಿ ಒಂದು ಸಾಲು. ನಿಮಗೇ ಯಾಕೆ ಕೊಡಬೇಕು, ಹೇಳಿ."

ಸೊಸೆ ಮೇಜಿನ ಕಡೆ ಕೈ ತೋರಿಸಿದಳು. ಕಂಠಪಾಠ ಮಾಡಿಟ್ಟ ಮಾತೆಲ್ಲ ಮರೆತುಹೋಗಿತ್ತು. "ಕಿಟಕಿ ಕಡೆಯಿಂದ ನೋಡಿ ಮೇಡಂ," ಎಂದಳಷ್ಟೇ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಒಂದು ಎತ್ತಿದರು. "ಇದು?"

"ಗಾರೆಯವರು. ಕರಣಿ ತುದಿಯಿಂದ."

"ಇದು?"

"ಹೊಲಿಗೆಯವರು. ಸೂಜಿ."

"ಈ ಗುಂಡು ಗುಂಡಾಗಿ ಇರೋದು?"

"ಹೋಟೆಲಲ್ಲಿ ಪಾತ್ರೆ ತೊಳೆಯೋ ಅಜ್ಜಿ ಇದ್ದಾರೆ. ಚಮಚದ ಹಿಡಿಯಲ್ಲಿ ಕೆರೀತಾರೆ. 'ನೂರು ಜನರ ಎಂಜಲು ಚಮಚ ತೊಳೆದಿದೀನಿ, ಒಂದು ಚಮಚ ನನಗಾಗಿ ಹಿಡಿದೆ' ಅಂದಿದ್ರು."

ಮೇಡಂ ನಗಲಿಲ್ಲ. ಆ ಡಬ್ಬಿಯನ್ನು ಇದ್ದ ಜಾಗಕ್ಕೇ, ಇದ್ದ ಹಾಗೇ ನಿಲ್ಲಿಸಿದರು. "ಆ ಒಂಬತ್ತು ಯಾಕೆ ದೂರ ಕೂತಿವೆ? ಜಗಳವಾ?"

"ಅವರು ಅರ್ಧಕ್ಕೇ ಬಿಟ್ಟು ಡಬ್ಬಿ ವಾಪಸ್ ಕೊಟ್ಟವರು ಮೇಡಂ, ಕೆರೆಯೋವರೆಗೆ ಹೋಗಲೇ ಇಲ್ಲ. ಆರು ಜನ ವಾಸನೆ ಜಾಸ್ತಿ ಅಂದ್ರು. ಅದಕ್ಕೇ ಎರಡು ತಿಂಗಳಿಂದ ಕಡಿಮೆ ಮಾಡಿದೀನಿ. ಉಳಿದ ಮೂವರು ಏನೂ ಹೇಳಲಿಲ್ಲ. ಕೇಳೋದು ಬಾಕಿ ಇದೆ."

ಮಾವ ಕಣ್ಣು ಮುಚ್ಚಿಕೊಂಡರು.

ಮೇಡಂ ಇನ್ನೊಂದು ಡಬ್ಬಿ ಹಿಡಿದಿದ್ದರು. ಅದರ ತಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ಜೋಡಿ ಗೆರೆ, ಚಾಪೆ ಹೆಣೆದಂತೆ, ಒಂದು ಕೂದಲೆಳೆಯಷ್ಟೂ ಜಾಗ ಬಿಡದೆ. "ಇಷ್ಟು ಕೆರೆದವರು ಯಾರು?"

ಸೊಸೆ ತಿರುಗಿಸಿ ನೋಡಿದಳು. ಯಾರ ಮಾತೂ ನೆನಪಿಗೆ ಬರಲಿಲ್ಲ. "ಇದು... ಗೊತ್ತಿಲ್ಲ ಮೇಡಂ. ಲೆಕ್ಕದಲ್ಲಿ ನನ್ನ ಹತ್ರ ಇದ್ದದ್ದು ನೂರ ಅರವತ್ತಮೂರೇ. ಇದೊಂದು ಹೆಚ್ಚಿದೆ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಕೆಮ್ಮಿದರು.

"ಅದು ನನ್ನದು," ಎಂದರು. ನೆಲ ನೋಡುತ್ತಿದ್ದರು. "ಮಗಳ ಮನೆಗೆ ತಗೊಂಡು ಹೋಗಿದ್ದೆ. ಅಲ್ಲಿ ಮುಗಿದುಹೋಯ್ತು. ಇನ್ನೊಂದು ಕಳಿಸು ಅಂತ ಹೇಳೋಕೆ ಒಂಥರಾ ಆಯ್ತು. ಕೂದಲ ಪಿನ್ನಲ್ಲಿ... ಸ್ವಲ್ಪ ಸ್ವಲ್ಪ... ಒಂದು ವಾರ ತಳ್ಳಿದೆ."

ಸೊಸೆಗೆ ಕಪಾಟು, ಸಾಲು, ಗಡುವು ಎಲ್ಲ ಒಂದು ಗಳಿಗೆ ಮರೆತೇ ಹೋಯಿತು. ಎಂಟು ತಿಂಗಳು 'ಏನೋ, ಪರವಾಗಿಲ್ಲ' ಎಂದವರು, ಲೇಬಲ್ ಮೇಲೆ ತಮ್ಮದೇ ಅಂಗೈ ಇದ್ದವರು, ಪಿನ್ನು ಹಿಡಿದು ಒಂದು ವಾರ ಕೆರೆದಿದ್ದರು.

ಮೇಡಂ ಲೇಬಲ್ ಮೇಲಿನ ಕೈ ನೋಡಿದರು. ಬಾಗಿಲ ಚೌಕಟ್ಟು ಹಿಡಿದಿದ್ದ ಕೈ ನೋಡಿದರು. ಕನ್ನಡಕ ತೆಗೆದರು.

"ಗಲ್ಲಾ ಪಕ್ಕ, ಕಣ್ಣಿನ ಎತ್ತರದ ಸಾಲು," ಎಂದರು. "ಸೋಮವಾರ ಅರವತ್ತು ಡಬ್ಬಿ ಕಳಿಸಿ. ಗೀರು ಬಿದ್ದವನ್ನೂ ಕಳಿಸಿ, ಹೀಗೇ ನಿಲ್ಲಿಸ್ತೀವಿ, ದೀಪ ಹಾಕಿ. ಒಂದು ಮಾತು. ಇವನ್ನ ಜಿಡ್ಡು ಸಮೇತ ಇಟ್ಟಿದ್ರೆ ನಾನು ಬಾಗಿಲಿಂದಲೇ ಹಿಂದಿರುಗ್ತಿದ್ದೆ. ತೊಳೆದು ಇಡೋ ಉಪಾಯ ಯಾರದ್ದು?"

ಮಾವ ಒಂದು ಹೆಜ್ಜೆ ಮುಂದೆ ಬಂದರು. ಹೆಚ್ಚುಗಾರಿಕೆ ತಮ್ಮದೆನ್ನುತ್ತಾರೋ ಎಂದು ಸೊಸೆ ಅವರತ್ತ ತಿರುಗಿದಳು. ಆದರೆ ಬ್ಲೇಡ್ ಮಾವ ಎರಡೂ ಕೈಯಿಂದ ಅತ್ತೆಯನ್ನು ತೋರಿಸಿ, "ನಮ್ಮ ಬೀಗಿತ್ತಿಯವರದ್ದು ಮೇಡಂ," ಎಂದರು. "ನಾನು ಮೂವತ್ತೊಂದು ವರ್ಷ ಮಾರಿದವನು, ನನಗೇ ಹೊಳೀಲಿಲ್ಲ."

"ಹೊಳೆಯೋಕೆ ಉಜ್ಜಬೇಕು ಬೀಗರೇ," ಎಂದರು ಅತ್ತೆ.

ಮೇಡಂ ಆಮೇಲೆ ಎರಡು ಲೋಟ ಚಹಾ ಕುಡಿದರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ಹಚ್ಚಿಕೊಂಡ ಕೈಯನ್ನೂ ಹಚ್ಚಿಕೊಳ್ಳದ ಕೈಯನ್ನೂ ಒಂದಕ್ಕೊಂದು ಸವರಿ ನೋಡಿ, ಮತ್ತೆ ಒಳಗೆ ಬಂದು ಇನ್ನೊಂದು ಕೈ ಚಾಚಿದರು.

ಅವರು ಹೋದ ಮೇಲೆ ಸೊಸೆ ಪಾರ್ಲರಿಗೆ ಫೋನ್ ಮಾಡಿದಳು. "ಮೇಡಂ, ನನ್ನ ಕುರ್ಚಿ ಇನ್ನು ಯಾರಿಗಾದ್ರೂ ಕೊಡಿ."

ಆ ಕಡೆಯಿಂದ ಒಡತಿಯ ನಗು ಕೇಳಿತು. "ಕೊಟ್ಟು ಏಳು ತಿಂಗಳಾಯ್ತು ಕಣೇ. ನೀನು ವಾಪಸ್ ಬರೋ ಪೈಕಿ ಅಲ್ಲ ಅಂತ ಗೊತ್ತಿತ್ತು. ಕುರ್ಚಿ ಇದೆ ಅಂದ್ರೆ ಧೈರ್ಯವಾಗಿ ಮುಂದೆ ಹೋಗ್ತೀಯ ಅಂತ ಹಾಗಂದೆ."

ಅವಳು ಫೋನ್ ಇಟ್ಟಳು. ಎಂಟು ತಿಂಗಳು ಬೆನ್ನಿಗಿದೆ ಎಂದುಕೊಂಡಿದ್ದ ಕುರ್ಚಿ ಇರಲೇ ಇಲ್ಲ. ಆದರೂ ತಾನು ಬಿದ್ದಿರಲಿಲ್ಲ. ಅದು ಯೋಚನೆಗೆ ಬಂದಾಗ ಅವಳ ಬೆನ್ನು ಅತ್ತೆಯ ಬೆನ್ನಿನಷ್ಟೇ ನೆಟ್ಟಗಾಯಿತು.

ಅಡುಗೆಮನೆಯಲ್ಲಿ ಒಲೆ ಹತ್ತಿತು. ಸೋಮವಾರಕ್ಕೆ ಅರವತ್ತು ಬೇಕು. ಮೇಣ ಕರಗಿ, ಎಣ್ಣೆ ಕೂಡಿ, ಪಾತ್ರೆ ಕೆಳಗಿಳಿದಾಗ ಅತ್ತೆ ಪಕ್ಕದಲ್ಲಿ ಬಂದು ಕೂತು ಗಂಟಲು ಸರಿಮಾಡಿಕೊಂಡರು. ಪದ್ಯ ಶುರುವಾಗುವ ಮೊದಲು ಚಾಪೆ ಹೆಣೆದಂತೆ ಗೀರಿದ್ದ ತಮ್ಮ ಡಬ್ಬಿಯನ್ನು ಸೊಸೆಯ ಮುಂದೆ ಸರಿಸಿದರು.

"ಖಾಲಿ ಡಬ್ಬಿ ತಂದೋರಿಗೆ ಬೆಲೆ ಕಡಿಮೆ ಅಲ್ವಾ? ಮನೆಯೋರಿಗೂ ಇದೆಯಾ ಅದು?"

"ಮೊದಲು ಹೇಗಿದೆ ಹೇಳಿ ಅತ್ತೆ," ಎಂದಳು ಸೊಸೆ, ಕಲಕುವ ಕೋಲು ಹಿಡಿದು.

ಅತ್ತೆ ಯೋಚಿಸಿದರು.

"ಡಬ್ಬಿ ಸಣ್ಣದಾಯ್ತು," ಎಂದು, ಕಣ್ಣು ಮುಚ್ಚಿ, ಮೊದಲನೆಯ ಪದ್ಯ ಎತ್ತಿಕೊಂಡರು.